ಸ್ಟ್ರೋಕ್ ಆದ ಮೇಲೆ ಮಾತು ಸಿಗದವರು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹದಿನೈದು ವರ್ಷಗಳಿಂದ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಥೆರಪಿ ಕೋಣೆಯೊಳಗೆ ಮನೆಯವರು ಹೆಚ್ಚು ಕೇಳುವುದಿಲ್ಲ. ನಿಜವಾದ ಪ್ರಶ್ನೆಗಳು ಹೊರಡುವುದು ಹೊರಗೆ, ಲಿಫ್ಟಿನ ಮುಂದೆ, ವೀಲ್‌ಚೇರನ್ನು ನಾಲ್ಕು ಹೆಜ್ಜೆ ದೂರ ತಳ್ಳಿ ನಿಲ್ಲಿಸಿ ದನಿ ತಗ್ಗಿಸಿದ ಮೇಲೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಅಂದ ಹಾಗೆ, ನಾಲ್ಕು ಹೆಜ್ಜೆ ದೂರಕ್ಕೆ ಎಲ್ಲವೂ ಕೇಳಿಸುತ್ತದೆ.

ಅಫೇಸಿಯಾ ಎಂದರೆ ನಾಲಿಗೆ ಬಿದ್ದುಹೋಗುವುದೇ?

ನಾಲಿಗೆಗೆ ಏನೂ ಆಗಿರಬೇಕೆಂದಿಲ್ಲ. ಮಿದುಳಿನಲ್ಲಿ ಭಾಷೆಯನ್ನು ನೋಡಿಕೊಳ್ಳುವ ಭಾಗಕ್ಕೆ ಪೆಟ್ಟಾದಾಗ ಪದ ಹುಡುಕುವುದು, ವಾಕ್ಯ ಕಟ್ಟುವುದು, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು, ಓದುವುದು, ಬರೆಯುವುದು ಇವುಗಳಲ್ಲಿ ಒಂದೆರಡು, ಕೆಲವೊಮ್ಮೆ ಎಲ್ಲವೂ ಕೆಡುತ್ತವೆ. ಅದೇ ಅಫೇಸಿಯಾ. ಹೆಚ್ಚಿನವರಲ್ಲಿ ಕಾರಣ ಪಾರ್ಶ್ವವಾಯು, ಅಂದರೆ ಸ್ಟ್ರೋಕ್. ಊರ ಕಡೆ ಲಕ್ವ ಹೊಡೆಯಿತು ಎನ್ನುವುದು ಇದನ್ನೇ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೂ, ಮಿದುಳಿನಲ್ಲಿ ಗಡ್ಡೆ ಬೆಳೆದವರಿಗೂ ಬರಬಹುದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮೊದಮೊದಲ ದಿನಗಳಲ್ಲಿ ಅಫೇಸಿಯಾ ಇರುತ್ತದೆ.

ತುಟಿ, ನಾಲಿಗೆಯ ಸ್ನಾಯುಗಳು ಸೋತು ಮಾತು ತೊದಲುವುದು ಬೇರೆ ತೊಂದರೆ, ಅದರ ಹೆಸರು ಡಿಸಾರ್ಥ್ರಿಯಾ. ಅಂಥವರ ಮಾತು ಬಾಯಲ್ಲಿ ಮುದ್ದೆ ಇಟ್ಟುಕೊಂಡು ಆಡಿದಂತೆ ಕೇಳಿಸಿದರೂ ವಾಕ್ಯ ಸರಿಯಾಗಿರುತ್ತದೆ. ಕಾಗದ ಕೊಟ್ಟರೆ ಬರೆದು ತಿಳಿಸುತ್ತಾರೆ. ಅಫೇಸಿಯಾ ಇದ್ದವರಿಗೆ ಬಾಯಲ್ಲಿ ಸಿಗದ ಪದ ಸಾಮಾನ್ಯವಾಗಿ ಪೆನ್ನಿನ ತುದಿಯಲ್ಲಿಯೂ ಸಿಗುವುದಿಲ್ಲ. ಎರಡೂ ಒಟ್ಟಿಗೇ ಇರುವುದೂ ಉಂಟು. ಯಾವುದು ಎಷ್ಟು ಎಂದು ಬಿಡಿಸಿ ನೋಡುವುದೇ ನಮ್ಮ ಮೊದಲ ವಾರದ ಕೆಲಸ.

ಅಪ್ಪನಿಗೆ ಬುದ್ಧಿಯೂ ಹೋಗಿದೆಯೇ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೇಳುವವರ ಮೇಲೆ ನನಗೆ ಬೇಸರವಿಲ್ಲ. ನಿನ್ನೆಯವರೆಗೆ ಮನೆಯ ಲೆಕ್ಕವೆಲ್ಲ ನೋಡುತ್ತಿದ್ದ ಮನುಷ್ಯ ಇವತ್ತು ಲೋಟವನ್ನು ಬಾಗಿಲು ಎಂದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ.

ದಿನಸಿ ಅಂಗಡಿ ನಡೆಸುತ್ತಿದ್ದ ಒಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಹೆಂಡತಿಯ ಹೆಸರು ಬರುತ್ತಿರಲಿಲ್ಲ, ಒಂದರಿಂದ ಹತ್ತು ಎಣಿಸಲು ಶುರು ಮಾಡಿಕೊಡಬೇಕಿತ್ತು. ಒಂದು ದಿನ ಮಗ ಔಷಧಿ ತಂದು ಚಿಲ್ಲರೆಯನ್ನು ಮೇಜಿನ ಮೇಲಿಟ್ಟ. ಇವರು ಬಿಲ್ಲನ್ನು ಒಮ್ಮೆ, ನೋಟುಗಳನ್ನು ಒಮ್ಮೆ ನೋಡಿ ಮೇಜು ತಟ್ಟಿದರು. ಬಾಯಿ ತೆರೆದರು, ಪದ ಬರಲಿಲ್ಲ. ಬಲಗೈಗೆ ಶಕ್ತಿ ಇರಲಿಲ್ಲ. ಎಡಗೈಯನ್ನು ಎರಡು ಸಲ ಅಗಲಿಸಿ ತೋರಿಸಿದರು. ಹತ್ತು ರೂಪಾಯಿ ಕಡಿಮೆ ಬಂದಿತ್ತು. ಮಗ ಮತ್ತೆ ಕೆಳಗಿಳಿದು ಹೋಗಿ ತಂದ.

ಎಲ್ಲರಲ್ಲಿಯೂ ಬುದ್ಧಿಗೆ ಏನೂ ಆಗಿರುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪೆಟ್ಟು ದೊಡ್ಡದಾಗಿದ್ದರೆ ಗಮನ, ನೆನಪು, ಲೆಕ್ಕ ಕೆಡಬಹುದು. ಬೇಗ ಸುಸ್ತಾಗುವುದಂತೂ ತೀರ ಸಾಮಾನ್ಯ. ಆದರೆ ಅದನ್ನು ಬೇರೆಯಾಗಿ ಪರೀಕ್ಷಿಸಬೇಕು, ಮಾತು ಬರುತ್ತಿಲ್ಲ ಎಂಬುದರಿಂದಲೇ ತೀರ್ಮಾನಿಸಬಾರದು. ಯಜಮಾನರಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ಹಾಸಿಗೆಯ ಪಕ್ಕದಲ್ಲಿಯೇ ಸೈಟಿನ ಕಾಗದಪತ್ರದ ಮಾತು ತೆಗೆಯುವ ನೆಂಟರನ್ನು ಕಂಡಿದ್ದೇನೆ. ಆಗ ರೋಗಿಯ ಮುಖ ನೋಡಬೇಕು.

ಎಡ ಮಿದುಳಿಗೆ ಪೆಟ್ಟಾದರೆ ಮಾತೇ ಏಕೆ ಹೋಗಬೇಕು?

ಬಲಗೈ ಬಳಸುವವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಭಾಷೆಯ ಮುಖ್ಯ ಕೆಲಸ ನಡೆಯುವುದು ಎಡಗೋಳದಲ್ಲಿ. ಎಡಚರಲ್ಲಿಯೂ ನೂರಕ್ಕೆ 70ರಷ್ಟು ಜನರದು ಎಡಗೋಳವೇ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುವುದರಿಂದ ಬಲಗೈ, ಬಲಗಾಲು ಬೀಳುವುದೂ ಮಾತು ನಿಲ್ಲುವುದೂ ಜೊತೆಜೊತೆಗೇ ಕಾಣಿಸುತ್ತವೆ. ಎರಡೂ ಜಾಗಗಳಿಗೆ ರಕ್ತ ಕೊಡುವ ದೊಡ್ಡ ನಾಳ ಒಂದೇ. ಅದು ಕಟ್ಟಿಕೊಂಡರೆ ಎರಡಕ್ಕೂ ಕುತ್ತು.

ಇದು ತಿಳಿದುಬಂದ ಕಥೆ ಪ್ಯಾರಿಸ್ಸಿನದು. ಅಲ್ಲಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ಯ ಎಂಬ ರೋಗಿ 21 ವರ್ಷ ಇದ್ದ. ಏನು ಕೇಳಿದರೂ ‘ತಾನ್, ತಾನ್’ ಎನ್ನುತ್ತಿದ್ದ. ಆಸ್ಪತ್ರೆಯವರೆಲ್ಲ ಅವನನ್ನು ಕರೆಯುತ್ತಿದ್ದುದೂ ತಾನ್ ಎಂದೇ. 1861ರಲ್ಲಿ ಅವನು ತೀರಿಕೊಂಡಾಗ ಪೌಲ್ ಬ್ರೋಕಾ ಎಂಬ ಶಸ್ತ್ರವೈದ್ಯ ಮಿದುಳನ್ನು ತೆಗೆದು ನೋಡಿದ. ಎಡಗಡೆಯ ಮುಂಭಾಗ ಹಾಳಾಗಿತ್ತು. ಇಂಥ ಇನ್ನಷ್ಟು ಮಿದುಳುಗಳನ್ನು ಕಂಡ ಮೇಲೆ 1865ರಲ್ಲಿ, ನಾವು ಮಾತನಾಡುವುದು ಎಡಗೋಳದಿಂದ ಎಂದು ಬರೆದ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಕಿವಿಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಮಾತು ಧಾರಾಳವಾಗಿ ಬಂದರೂ ಅರ್ಥ ಕೆಡುತ್ತದೆ ಎಂದು ತೋರಿಸಿದ. ಲೆಬೋರ್ನ್ಯನ ಮಿದುಳು ಇಂದಿಗೂ ಪ್ಯಾರಿಸ್ಸಿನಲ್ಲಿದೆ. 2007ರಲ್ಲಿ ಅದರ ಎಂಆರ್‌ಐ ಸ್ಕ್ಯಾನ್ ಪ್ರಕಟವಾದಾಗ, ಬ್ರೋಕಾ ಮೇಲಿನಿಂದ ಕಂಡದ್ದಕ್ಕಿಂತ ಬಹಳ ಆಳದವರೆಗೆ ಪೆಟ್ಟು ಹೋಗಿತ್ತೆಂದು ಗೊತ್ತಾಯಿತು. ಹಾಗಾಗಿ ಈ ಜಾಗಕ್ಕೆ ಪೆಟ್ಟಾದರೆ ಇದೇ ತೊಂದರೆ ಎಂದು ಸ್ಕ್ಯಾನ್ ಹಿಡಿದು ಭವಿಷ್ಯ ಹೇಳುವವರನ್ನು ಪೂರ್ತಿ ನಂಬಬೇಡಿ.

ನಮ್ಮ ಅತ್ತೆ ಪಟಪಟನೆ ಮಾತನಾಡುತ್ತಾರೆ, ಒಂದಕ್ಕೂ ಅರ್ಥವಿಲ್ಲ. ಇದೂ ಅಫೇಸಿಯಾವೇ?

ಹೌದು, ಮತ್ತು ಹೆಚ್ಚು ಮೋಸ ಹೋಗುವುದು ಇಲ್ಲಿಯೇ. ಮಲ್ಲೇಶ್ವರದ ಒಬ್ಬ ಅಜ್ಜಿ ಮೊದಲ ಭೇಟಿಯಲ್ಲಿ ನನಗೆ ಹೇಳಿದ ಮಾತನ್ನು ಬರೆದಿಟ್ಟುಕೊಂಡಿದ್ದೇನೆ: ‘ಆ ತಟ್ಟೆಗೆ ಹೋಗಿ ನಾಳೆ ಬೀಗ ಕುಡಿದು ಬಂದೆವಲ್ಲ, ಅದಕ್ಕೇ ಸೊಪ್ಪಟ್ಟೆ ಇಟ್ಟಿದ್ದೇನೆ.’ ಕ್ರಿಯಾಪದ ಸರಿಯಿದೆ, ವಿಭಕ್ತಿ ಸರಿಯಿದೆ, ರಾಗ ಅಚ್ಚ ಮೈಸೂರು ಕಡೆಯದು. ಪದಗಳು ಮಾತ್ರ ಅದಲುಬದಲು. ಸೊಪ್ಪಟ್ಟೆ ಎಂಬ ಪದ ಕನ್ನಡದಲ್ಲಿಲ್ಲ. ತಾನು ತಪ್ಪು ಹೇಳುತ್ತಿರುವುದು ಅವರ ಅರಿವಿಗೆ ಬರುತ್ತಿರಲಿಲ್ಲ, ಆದ್ದರಿಂದ ನಮಗೆ ಅರ್ಥವಾಗದಿದ್ದಾಗ ನಮ್ಮ ಮೇಲೆಯೇ ಸಿಟ್ಟು. ಇದು ವೆರ್ನಿಕೆ ಬಗೆ. ಇದರಲ್ಲಿ ಕೈಕಾಲು ಬೀಳದೇ ಇರಬಹುದು, ಆದ್ದರಿಂದ ಸ್ಟ್ರೋಕ್ ಎಂದು ಯಾರಿಗೂ ಹೊಳೆಯುವುದಿಲ್ಲ. ಅಜ್ಜಿಯನ್ನು ಮೊದಲು ದೇವರು ಕೇಳಿಸಲು ಕರೆದೊಯ್ದು, ಆಮೇಲೆ ಮನೋವೈದ್ಯರ ಬಳಿ ಹೋಗಿ, ಅಲ್ಲಿಂದ ಸ್ಕ್ಯಾನಿಗೆ ಬಂದಾಗ ಒಂಬತ್ತು ದಿನ ಕಳೆದಿತ್ತು.

ಇದಕ್ಕೆ ತದ್ವಿರುದ್ಧ ಬ್ರೋಕಾ ಬಗೆ: ಅರ್ಥ ಬಹುಮಟ್ಟಿಗೆ ಆಗುತ್ತದೆ, ಮಾತು ಒಂದೊಂದೇ ಪದವಾಗಿ ಬಾವಿಯಿಂದ ಸೇದಿದಂತೆ ಬರುತ್ತದೆ. ಎರಡೂ ಕೆಟ್ಟಿದ್ದರೆ ಗ್ಲೋಬಲ್. ಹೆಸರುಗಳು ಮಾತ್ರ ಸಿಗದಿದ್ದರೆ ಅನೋಮಿಕ್. ಹೇಳಿಕೊಟ್ಟದ್ದನ್ನು ತಿರುಗಿ ಹೇಳುವುದಷ್ಟೇ ಹೆಚ್ಚಾಗಿ ಕೆಟ್ಟಿರುವ ಬಗೆಯೂ ಇದೆ. ಈ ಹೆಸರುಗಳಿಗೆ ತಲೆಕೆಡಿಸಿಕೊಳ್ಳಬೇಡಿ. ತಿಂಗಳು ಕಳೆಯುವಷ್ಟರಲ್ಲಿ ಒಂದು ಬಗೆ ಇನ್ನೊಂದಾಗಿರುತ್ತದೆ.

ಎಲ್ಲದಕ್ಕೂ ಒಂದೇ ಪದ ಹೇಳುತ್ತಾರೆ. ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಬೇಕೆಂದೇ ಮಾಡುತ್ತಿದ್ದಾರೆಯೇ?

ಖಂಡಿತ ಇಲ್ಲ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಒಬ್ಬರಿಗೆ ಸ್ಟ್ರೋಕ್ ಆದ ಮೇಲೆ ಉಳಿದದ್ದು ‘ರೈಟ್’ ಒಂದೇ. ಊಟ ಆಯಿತೇ ಎಂದರೆ ರೈಟ್. ನೋವಿದೆಯೇ ಎಂದರೆ ರೈಟ್. ಮಗಳು ಬಂದಾಗ ಅದೇ ಪದ ಅರಳಿಕೊಂಡು ಬರುತ್ತಿತ್ತು. ಫಿಸಿಯೋಥೆರಪಿಯವರು ಭುಜ ಎತ್ತಿದಾಗ ‘ರೈಟ್ ರೈಟ್ ರೈಟ್’ ಎಂದು ಸಿಡುಕಿನಿಂದ ಬರುತ್ತಿತ್ತು. ನೂರೈವತ್ತು ವರ್ಷ ಹಿಂದಿನ ತಾನ್ ಮಹಾಶಯನೂ ಹೀಗೆಯೇ. ಸಿಟ್ಟು ಬಂದರೆ ಅವನ ಬಾಯಿಂದಲೂ ಒಂದು ಪೂರ್ತಿ ಬೈಗುಳ ಹೊರಡುತ್ತಿತ್ತಂತೆ.

ಯೋಚಿಸಿ ಕಟ್ಟುವ ಮಾತು ಒಂದು ದಾರಿ, ರೂಢಿಯಿಂದ ತಾನಾಗಿ ಉದುರುವ ಮಾತು ಇನ್ನೊಂದು ದಾರಿ. ವಾರಗಳ ಹೆಸರು, ಮಗ್ಗಿ, ಶ್ಲೋಕ, ‘ಅಯ್ಯೋ ದೇವರೇ’, ಬೈಗುಳ ಇವೆಲ್ಲ ಎರಡನೆಯ ದಾರಿಯವು. ಅದರಲ್ಲಿ ಬಲಗೋಳಕ್ಕೂ ಪಾಲಿದೆ ಎಂದು ತಿಳಿದವರು ಹೇಳುತ್ತಾರೆ. ಹಾಗಾಗಿ ವಿಷ್ಣು ಸಹಸ್ರನಾಮ ಹೇಳುವ ಅಮ್ಮನಿಗೆ ನೀರು ಬೇಕು ಎನ್ನಲು ಬಾರದಿದ್ದರೆ ಅದು ಹಟವಲ್ಲ. ನಾವು ಈ ದಾರಿಯನ್ನು ಉಪಯೋಗಿಸಿಕೊಳ್ಳುತ್ತೇವೆ. ‘ಕೈ ಕೆಸರಾದರೆ…’ ಎಂದು ನಿಲ್ಲಿಸಿದರೆ ‘ಬಾಯಿ ಮೊಸರು’ ಎಂದು ಬಂದೇ ಬರುತ್ತದೆ. ಹಾಗೆ ಬಂದ ಮೊಸರನ್ನು ಊಟದ ತಟ್ಟೆಯ ಮೊಸರಿನ ಕಡೆಗೆ ಎಳೆದು ತರುವುದು ಆಮೇಲಿನ ಕೆಲಸ.

ಮಾವನವರು ನನ್ನ ತಂದೆಯನ್ನು ಏಕವಚನದಲ್ಲಿ ಕರೆದರು. ಸ್ವಭಾವವೇ ಬದಲಾಗಿದೆಯೇ?

ಈ ಪ್ರಶ್ನೆ ಕೇಳಿದ ಸೊಸೆಗೆ ನಾನು ಋಣಿ; ಕನ್ನಡದ ಅಫೇಸಿಯಾ ಬಗ್ಗೆ ಪಾಠದ ಪುಸ್ತಕಕ್ಕಿಂತ ಹೆಚ್ಚು ಕಲಿಸಿದ ಪ್ರಶ್ನೆ ಅದು. ಬೀಗರು ನೋಡಲು ಬಂದಿದ್ದಾರೆ. ಮಾವನವರು ಎಡಗೈ ಎತ್ತಿ ‘ಬಾ… ಬಾ… ಕೂರು’ ಎಂದಿದ್ದಾರೆ. ಬೀಗರ ಮುಖ ಸಣ್ಣದಾಗಿದೆ.

ಬ್ರೋಕಾ ಬಗೆಯಲ್ಲಿ ಮೊದಲು ಕೆಡುವುದು ವ್ಯಾಕರಣದ ಪ್ರತ್ಯಯಗಳು. ಇಂಗ್ಲಿಷಿನಲ್ಲಿ ಬಾಲ ಉದುರಿದರೆ ಮಾತು ತಂತಿಯ ಒಕ್ಕಣೆಯಂತೆ ಕೇಳಿಸುತ್ತದೆ ಅಷ್ಟೇ. ಕನ್ನಡದಲ್ಲಿ ಯಾರು, ಯಾವಾಗ, ಹೆಣ್ಣೋ ಗಂಡೋ, ಎಷ್ಟು ಗೌರವ ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿಯೇ ಇರುತ್ತದೆ. ‘ಬನ್ನಿ’ಯಿಂದ ಆ ಬಾಲ ಬಿದ್ದರೆ ಉಳಿಯುವುದು ‘ಬಾ’. ‘ನಿನ್ನೆ ಆಸ್ಪತ್ರೆಗೆ ಹೋಗಿದ್ದೆ’ ಎನ್ನಬೇಕಾದವರು ‘ನಿನ್ನೆ… ಆಸ್ಪತ್ರೆ… ಹೋಗು’ ಎಂದರೆ ಕೇಳಿದವರಿಗೆ ನಮ್ಮನ್ನೇ ಅಟ್ಟಿದಂತೆ ಕೇಳಿಸುತ್ತದೆ. ಕೆಲವರಲ್ಲಿ ಬಾಲ ಬೀಳುವ ಬದಲು ತಪ್ಪು ಬಾಲ ಅಂಟಿಕೊಳ್ಳುತ್ತದೆ: ಮಗಳ ಬಗ್ಗೆ ಹೇಳುವಾಗ ‘ಬಂದ’, ತನ್ನ ಬಗ್ಗೆ ಹೇಳುವಾಗ ‘ಬಂದರು’. ಗೌರವ ಮನಸ್ಸಿನಲ್ಲಿ ಹಾಗೆಯೇ ಇರುತ್ತದೆ. ಬೀಗರಿಗೆ ಇದನ್ನು ಬಾಗಿಲಲ್ಲಿಯೇ ಹೇಳಿಬಿಡಿ.

ಕೇಳಿಸಿಕೊಳ್ಳುವಾಗಲೂ ಇದೇ ಎಡವಟ್ಟು. ‘ಅಕ್ಕನನ್ನು ತಂಗಿ ಕರೆದಳು’ ಎಂಬ ವಾಕ್ಯದಲ್ಲಿ ಯಾರು ಯಾರನ್ನು ಕರೆದರು ಎಂಬುದು ‘ಅನ್ನು’ ಎಂಬ ಪ್ರತ್ಯಯದ ಮೇಲೆ ನಿಂತಿದೆ. ಅದು ಹಿಡಿತಕ್ಕೆ ಸಿಗದವರು ಮೊದಲು ಬಂದವಳೇ ಕರೆದವಳು ಎಂದುಕೊಳ್ಳುತ್ತಾರೆ. ‘ಅಜ್ಜಿ ಮಾತ್ರೆ ನುಂಗಿದರು’ ಎನ್ನುವುದರಲ್ಲಿ ಈ ಗೊಂದಲವಿಲ್ಲ. ಮಾತ್ರೆ ಅಜ್ಜಿಯನ್ನು ನುಂಗುವುದಿಲ್ಲವಲ್ಲ. ಮನೆಯಲ್ಲಿ ಹೇಳುವಾಗ ಯಾರು ಎಂಬುದನ್ನು ಮೊದಲಿಡಿ, ವಾಕ್ಯ ಗಿಡ್ಡವಾಗಿರಲಿ.

ನಮ್ಮ ಮನೆಯಲ್ಲಿ ನಾಲ್ಕು ಭಾಷೆ. ಥೆರಪಿ ಯಾವುದರಲ್ಲಿ ಮಾಡಿಸಬೇಕು?

ಬೆಂಗಳೂರಿನಲ್ಲಿ ಈ ಪ್ರಶ್ನೆ ಏಳದ ಮನೆ ಕಡಿಮೆ. ಹೆತ್ತವರೊಂದಿಗೆ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರೊಂದಿಗೆ ತಮಿಳು, ಕಚೇರಿಯಲ್ಲಿ ಇಂಗ್ಲಿಷ್, ಮೀನು ತರಲು ಹೋದರೆ ಉರ್ದು. ಇಷ್ಟೆಲ್ಲ ಇದ್ದವರಿಗೆ ಎಡಗೋಳಕ್ಕೆ ಪೆಟ್ಟಾದರೆ ಯಾವುದು ಉಳಿಯುತ್ತದೆ?

ಹಳಬರು ಎರಡು ಸೂತ್ರ ಹೇಳಿದ್ದರು. ಫ್ರಾನ್ಸಿನ ರಿಬೋ, ಮೊದಲು ಕಲಿತದ್ದು ಮೊದಲು ಮರಳುತ್ತದೆ ಎಂದ. 1895ರಲ್ಲಿ ಅವನ ದೇಶದವನೇ ಆದ ಪಿತ್ರ್, ಇಲ್ಲ, ಪೆಟ್ಟಾಗುವ ಹೊತ್ತಿಗೆ ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಮರಳುತ್ತದೆ ಎಂದ. ಇಬ್ಬರ ಮಾತೂ ಕೆಲವರಿಗೆ ಹೊಂದುತ್ತದೆ, ಹಲವರಿಗೆ ಹೊಂದುವುದಿಲ್ಲ. ಹೆಚ್ಚಾಗಿ ಕಾಣುವುದು ಎಲ್ಲ ಭಾಷೆಗಳೂ ಒಟ್ಟಿಗೇ ಕೆಟ್ಟು, ಮೊದಲು ಬಲ್ಲಷ್ಟರ ಅನುಪಾತದಲ್ಲಿಯೇ ಒಟ್ಟಿಗೆ ಸುಧಾರಿಸುವುದು. ಒಂದು ಬಂದು ಇನ್ನೊಂದು ಬಾರದಿರುವುದು, ಒಂದು ಸುಧಾರಿಸುವಾಗ ಇನ್ನೊಂದು ಹಿಂದೆ ಸರಿಯುವುದು, ಎಲ್ಲವೂ ಕಲಸುಮೇಲೋಗರವಾಗುವುದು ವಿರಳವಾದರೂ ದಾಖಲಾಗಿವೆ.

ಕಾರ್ಖಾನೆಯೊಂದರಿಂದ ನಿವೃತ್ತರಾಗಿದ್ದ ಒಬ್ಬರ ಮಗ ನನ್ನ ಬಳಿ ಹಟ ಹಿಡಿದಿದ್ದರು: ಅಪ್ಪನಿಗೆ ಇಂಗ್ಲಿಷಿನಲ್ಲಿಯೇ ಹೇಳಿಕೊಡಿ, ಮೊಮ್ಮಗನಿಗೆ ಬೇರೆ ಭಾಷೆ ಬಾರದು. ಆರು ವಾರ ಇಂಗ್ಲಿಷ್ ಚಿತ್ರಪಟಗಳೊಂದಿಗೆ ಗುದ್ದಾಡಿದೆವು. ಒಂದು ದಿನ ಅವರ ತಂಗಿ ಕೋಲಾರದಿಂದ ಬಂದು ಕೋಣೆಯೊಳಗೆ ಕುಳಿತು, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅಣ್ಣನೊಂದಿಗೆ ತೆಲುಗಿನಲ್ಲಿ ಊರಿನ ಸುದ್ದಿ ಹೇಳತೊಡಗಿದರು. ಹತ್ತು ನಿಮಿಷದಲ್ಲಿ ಅವರು ಮೂರು ಪದ ಸೇರಿಸಿ ಒಂದು ವಾಕ್ಯ ಹೇಳಿದರು. ನನ್ನ ಆರು ವಾರದ ಸಂಪಾದನೆ ಅದಕ್ಕಿಂತ ಕಡಿಮೆ. ಅಂದಿನಿಂದ ತೆಲುಗು ಹಿಡಿದೆವು, ಆಮೇಲೆ ಕನ್ನಡ. ಇಂಗ್ಲಿಷನ್ನು ಮೊಮ್ಮಗನಿಗೇ ಬಿಟ್ಟೆವು. ಅವನು ತಾತನಿಂದ ಐದಾರು ತೆಲುಗು ಪದ ಕಲಿತ. ಒಂದು ಭಾಷೆಯಲ್ಲಿ ಮಾಡಿದ ಅಭ್ಯಾಸ ಇನ್ನೊಂದಕ್ಕೂ ಹರಿಯುವುದುಂಟು, ಆದರೆ ಅದನ್ನು ನೆಚ್ಚಿಕೊಂಡು ಕೂರಬಾರದು. ದಿನವಿಡೀ ಜೊತೆಗಿರುವವರು ಯಾವ ಭಾಷೆ ಆಡುತ್ತಾರೋ, ರೋಗಿ ಯಾವುದಕ್ಕೆ ತಿರುಗುತ್ತಾರೋ ಅಲ್ಲಿಂದ ಆರಂಭಿಸಿ.

ಭಾಷೆ ಬೆರೆಸಿ ಮಾತನಾಡಿದರೆ ತಿದ್ದಬೇಡಿ. ಈ ಊರಿನಲ್ಲಿ ಬೆರೆಸದವರು ಯಾರು? ಕನ್ನಡ ಒಂದೇ ಬಲ್ಲವರ ಮುಂದೆ ತನಗೆ ತಿಳಿಯದಂತೆಯೇ ತಮಿಳಿಗೆ ಜಾರಿದರೆ ಮಾತ್ರ ನಮಗೆ ಹೇಳಿ.

ಹಲವು ಭಾಷೆ ಬಲ್ಲವರಿಗೆ ಸ್ಟ್ರೋಕಿನಿಂದ ರಕ್ಷಣೆ ಇದೆಯಂತೆ ಎಂದೂ ಕೇಳುತ್ತಾರೆ. ಈಗ ನಿಮ್ಹಾನ್ಸ್‌ನಲ್ಲಿರುವ ನರವೈದ್ಯೆ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ ಸ್ಟ್ರೋಕ್ ಆದ 608 ಜನರನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೇ ಈ ಮಾತಿನ ಮೂಲ. ಸ್ಟ್ರೋಕಿನ ನಂತರ ಗಮನ, ನೆನಪು, ಯೋಚನೆ ಸರಿಯಾಗಿ ಉಳಿದವರು ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ 40.5, ಒಂದೇ ಭಾಷೆಯವರಲ್ಲಿ ಶೇ 19.6. ಅಫೇಸಿಯಾ ಬರುವ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ವಾಟ್ಸ್ಆಪ್ ಸಂದೇಶಗಳಲ್ಲಿ ಈ ಕೊನೆಯ ಸಾಲು ಇರುವುದಿಲ್ಲ.

ಹೌದೋ ಇಲ್ಲವೋ ಎಂದಾದರೂ ಹೇಳಬಾರದೇ?

ಅಫೇಸಿಯಾದಲ್ಲಿ ಹೌದು ಮತ್ತು ಇಲ್ಲ ಅದಲುಬದಲಾಗುವುದು ಬಹಳ ಸಾಮಾನ್ಯ. ಜೊತೆಗೆ ನಾವು ತಲೆ ಆಡಿಸುವ ರೀತಿಯೇ ವಿಚಿತ್ರ. ನಮ್ಮ ‘ಹೂಂ’ಗೂ ‘ನೋಡೋಣ’ಕ್ಕೂ ಒಂದೇ ಓಲಾಟ. ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂದು ಗೊತ್ತು ಮಾಡಿಕೊಳ್ಳಿ. ಅದೂ ಆಗದಿದ್ದರೆ ವಸ್ತುಗಳನ್ನೇ ಮುಂದಿಡಿ: ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ನೀರಿನ ಲೋಟ.

ಮಾತು ಬಾರದಿದ್ದರೆ ಬರೆಯಲಿ, ಮೊಬೈಲಿನಲ್ಲಿ ಟೈಪ್ ಮಾಡಲಿ ಎಂದರೆ?

ಬರವಣಿಗೆಯೂ ಭಾಷೆಯೇ ಆದ್ದರಿಂದ ಅದೂ ಕೆಟ್ಟಿರುತ್ತದೆ. ಕನ್ನಡದಲ್ಲಿ ಕಾಗುಣಿತ ತಪ್ಪುವುದು, ಒತ್ತಕ್ಷರ ಬಿಟ್ಟುಹೋಗುವುದು ಕಾಣುತ್ತೇವೆ. ಇನ್ನು ಎಡಗೈಯಲ್ಲಿ ಬರೆಯುವ ಪಾಡು ಬೇರೆ. ಸಹಿ ಮಾತ್ರ ಹಲವರಿಗೆ ಉಳಿದಿರುತ್ತದೆ. ತಾನೇ ಬರೆದದ್ದನ್ನು ತಾನೇ ಓದಲಾಗದ ಒಂದು ವಿರಳ ಬಗೆಯನ್ನು 1892ರಲ್ಲಿಯೇ ಡೆಜೆರೀನ್ ಎಂಬ ಫ್ರೆಂಚ್ ವೈದ್ಯ ವಿವರಿಸಿದ್ದಾನೆ. ಮೊಬೈಲಿನಲ್ಲಿ ಅಕ್ಷರಗಳಿಗಿಂತ ಫೋಟೋ ಹೆಚ್ಚು ಕೆಲಸಕ್ಕೆ ಬರುತ್ತದೆ: ಮನೆಯವರು, ಔಷಧಿ ಡಬ್ಬಿ, ಬಚ್ಚಲುಮನೆ, ದೇವಸ್ಥಾನ, ಇಷ್ಟದ ಹೋಟೆಲಿನ ದೋಸೆ, ಎಲ್ಲವನ್ನೂ ಒಂದು ಆಲ್ಬಂನಲ್ಲಿ ಹಾಕಿಕೊಡಿ.

ಥೆರಪಿಯಲ್ಲಿ ಏನು ಮಾಡುತ್ತೀರಿ? ಚಿತ್ರ ತೋರಿಸಿ ಹೆಸರು ಕೇಳುವುದನ್ನು ನಾವೇ ಮಾಡಬಹುದಲ್ಲ?

ಹೆಸರು ಕೇಳುವುದು ಪರೀಕ್ಷೆ. ಥೆರಪಿ ಶುರುವಾಗುವುದು ಹೆಸರು ಬಾರದಿದ್ದಾಗ. ಕಾಫಿಯ ಚಿತ್ರಕ್ಕೆ ಪದ ಬರದಿದ್ದರೆ ಸುತ್ತಮುತ್ತ ಓಡಾಡಿಸುತ್ತೇವೆ: ಬೆಳಿಗ್ಗೆಯೋ ರಾತ್ರಿಯೋ, ಬಿಸಿಯೋ ತಣ್ಣಗೋ, ಡಿಕಾಕ್ಷನ್ ಯಾವುದರಲ್ಲಿ ಇಳಿಸುತ್ತಾರೆ, ಜೊತೆಗೆ ಏನು ಬೇಕು. ಆಗಲೂ ಬಾರದಿದ್ದರೆ ‘ಕಾ…’ ಎಂದು ಮೊದಲ ಅಕ್ಷರದ ಊರುಗೋಲು. ಕೊನೆಗೆ ಇಡೀ ಪದ ಹೇಳಿ, ತಿರುಗಿ ಹೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಲ್ಲಿಗೇ ಬರುತ್ತೇವೆ. ವಾಕ್ಯ ಕಟ್ಟುವವರಿಗೆ ಕ್ರಿಯಾಪದದಿಂದ ಹಿಡಿದು ಯಾರು, ಏನನ್ನು, ಎಲ್ಲಿ ಎಂದು ಪೋಣಿಸುವ ಅಭ್ಯಾಸ. ಮಾತು ತೀರ ಕಡಿಮೆ ಇರುವವರಿಗೆ ಸನ್ನೆ, ಚಿತ್ರಪುಸ್ತಕ.

ವಿದ್ಯಾರ್ಥಿಯಾಗಿದ್ದಾಗಿನ ನನ್ನ ಒಂದು ತಪ್ಪು ಹೇಳಬೇಕು. ಅಮೆರಿಕದ ಒಂದು ಪ್ರಸಿದ್ಧ ಹೆಸರಿಸುವ ಪರೀಕ್ಷೆಯಲ್ಲಿ ಪ್ರೆಟ್ಜೆಲ್ ಎಂಬ ತಿಂಡಿಯ ಚಿತ್ರವಿದೆ. ಬಸವನಗುಡಿಯ ಒಬ್ಬ ಅಜ್ಜಿ ಅದನ್ನು ನೋಡಿ ಬಹಳ ಹೊತ್ತು ತಡಕಾಡಿ, ಗೆದ್ದ ಮುಖದಲ್ಲಿ ‘ಕೋಡುಬಳೆ’ ಎಂದರು. ನಾನು ತಪ್ಪು ಗುರುತು ಹಾಕಿದೆ. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕನ್ನಡಕ್ಕೆಂದೇ ಪರೀಕ್ಷೆಗಳಿವೆ, ಪ್ರತಿಭಾ ಕಾರಂತರು 1980ರಲ್ಲಿ ಕನ್ನಡದಲ್ಲಿ ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಅವುಗಳಲ್ಲಿ ಒಂದು. ನಿಮ್ಮವರನ್ನು ಯಾವ ಪರೀಕ್ಷೆಯಿಂದ ನೋಡಿದರು ಎಂದು ಕೇಳುವ ಹಕ್ಕು ನಿಮಗಿದೆ.

ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ರಾಜ್ಯದ ಎಷ್ಟೋ ಥೆರಪಿಸ್ಟರು ಕಲಿತದ್ದು ಅಲ್ಲಿ. ಖಾಸಗಿಯವರ ಬಳಿ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಮೊದಲು ವಿಚಾರಿಸಿ.

ಹಾಡಿಸಿದರೆ ಮಾತು ಬರುತ್ತದೆ ಎನ್ನುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚಬಹುದೇ?

ಹಾಡುವುದು ಬಲಗೋಳವನ್ನೂ ಬಳಸುತ್ತದೆ, ಆದ್ದರಿಂದ ಮಾತು ನಿಂತವರೂ ದೇವರನಾಮದ ಒಂದು ಚರಣ ಪೂರ್ತಿ ಹಾಡಿಬಿಡುತ್ತಾರೆ. ನೋಡಿದವರ ಕಣ್ಣು ತುಂಬುತ್ತದೆ. ಆದರೆ ಹಾಡಿನೊಳಗಿನ ‘ಬಾ’ ಬಾಗಿಲಲ್ಲಿ ನಿಂತವರನ್ನು ಕರೆಯಲು ತಾನಾಗಿ ಒದಗುವುದಿಲ್ಲ. ದಿನಬಳಕೆಯ ಸಣ್ಣ ಮಾತುಗಳನ್ನು ರಾಗಕ್ಕೆ ಕೂಡಿಸಿ, ಎಡಗೈಯಿಂದ ತಾಳ ಹಾಕಿಸುತ್ತ, ನಿಧಾನವಾಗಿ ರಾಗವನ್ನು ಬಿಡಿಸುವ ಕ್ರಮವೊಂದು 1973ರಿಂದ ಬಳಕೆಯಲ್ಲಿದೆ. ಅರ್ಥ ಚೆನ್ನಾಗಿ ಆಗುವ, ಮಾತು ಹೊರಡದ ಕೆಲವರಿಗೆ ಅದು ಸಹಾಯ ಮಾಡುತ್ತದೆ.

ಬಜೆ ಬೇಡ. ಮಕ್ಕಳಿಗೆ ಮಾತು ಬರಲೆಂದು ತೇಯ್ದು ನೆಕ್ಕಿಸುವ ರೂಢಿಯಿಂದ ಈ ಯೋಚನೆ ಬಂದಿದೆ. ಸ್ಟ್ರೋಕ್ ಆದವರಲ್ಲಿ ನುಂಗುವ ಶಕ್ತಿಯೂ ಕೆಟ್ಟಿರಬಹುದು. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ನುಂಗುವುದನ್ನು ಪರೀಕ್ಷಿಸುವ ಮೊದಲು ನೀರನ್ನೂ ಕೊಡಬಾರದು.

ಎಷ್ಟು ದಿನಕ್ಕೆ ಸರಿಹೋಗುತ್ತದೆ? ಆರು ತಿಂಗಳಾದ ಮೇಲೆ ಪ್ರಯೋಜನವಿಲ್ಲವಂತೆ?

ಮೊದಲ ಮೂರು ತಿಂಗಳಲ್ಲಿ ವೇಗ ಹೆಚ್ಚು, ಆಮೇಲೆ ನಿಧಾನ. ಇದನ್ನೇ ಕೆಲವರು ಬಾಗಿಲು ಮುಚ್ಚಿತು ಎಂದು ಹೇಳಿ ಮನೆಗೆ ಕಳುಹಿಸುತ್ತಾರೆ. ಜರ್ಮನಿಯಲ್ಲಿ ಅಫೇಸಿಯಾ ಬಂದು ಆರು ತಿಂಗಳು ದಾಟಿದ 150ಕ್ಕೂ ಹೆಚ್ಚು ಜನರಿಗೆ ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ಥೆರಪಿ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ದಿನನಿತ್ಯದ ಮಾತು ಸುಧಾರಿಸಿತ್ತು. ವಾರಕ್ಕೆ 10 ಗಂಟೆ ಎಂಬುದನ್ನು ಗಮನಿಸಿ. ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ವಾರಕ್ಕೆ ಎರಡು ಸಲ, ಮುಕ್ಕಾಲು ಗಂಟೆ, ಅದಕ್ಕೆ ಸಿಲ್ಕ್ ಬೋರ್ಡ್ ದಾಟಿ ಬರಬೇಕು. ಕೊರತೆ ತುಂಬುವುದು ಮನೆಯಲ್ಲಿಯೇ. ಎಷ್ಟು ಬರುತ್ತದೆ ಎಂಬುದು ಪೆಟ್ಟಿನ ಗಾತ್ರ, ಜಾಗ, ಆರಂಭದ ತೀವ್ರತೆಯ ಮೇಲೆ ನಿಂತಿದೆ. ಪೂರ್ತಿ ಮೊದಲಿನಂತಾಗುತ್ತಾರೆ ಎಂದು ದಿನಾಂಕ ಹಾಕಿ ಭರವಸೆ ಕೊಡುವವರಿಂದ ದೂರವಿರಿ.

ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಬೇಸರವಾಗಿದೆ ಎಂದು ಹೇಳಲೂ ಪದ ಬೇಕಲ್ಲ. ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಗೋಡೆ ಕಡೆ ತಿರುಗಿ ಮಲಗಿದರೆ ವೈದ್ಯರಿಗೆ ಹೇಳಿ.

ಮನೆಯಲ್ಲಿ ನಾವು ಹೇಗೆ ಮಾತನಾಡಬೇಕು?

ಟಿವಿ ಆರಿಸಿ. ಎದುರು ಕುಳಿತು, ಒಬ್ಬರಾದ ಮೇಲೆ ಒಬ್ಬರು ಮಾತನಾಡಿ. ಕಿವಿ ಸರಿಯಿದೆ, ಕಿರುಚಬೇಡಿ. ಮಗುವಿಗೆ ಹೇಳುವಂತೆ ರಾಗ ಎಳೆಯಬೇಡಿ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ನಮಗೆ ಅದು ಯುಗದಂತೆ ಅನ್ನಿಸುತ್ತದೆ, ಅವರು ಪದ ಹುಡುಕುವುದು ಆಗಲೇ. ಅರ್ಥವಾಗದಿದ್ದರೆ ಆದಂತೆ ನಟಿಸಬೇಡಿ. ‘ಅಡುಗೆಮನೆ ವಿಷಯವೇ? ಮಗಳ ವಿಷಯವೇ?’ ಎಂದು ಕಿರಿದು ಮಾಡುತ್ತ ಹೋಗಿ.

ಎಲ್ಲಕ್ಕಿಂತ ದೊಡ್ಡ ಹಿಂಸೆ ನೋಡಲು ಬರುವವರದು. ಹಣ್ಣಿನ ಚೀಲ ಇಟ್ಟು, ಮಂಚದ ಮೇಲೆ ಬಾಗಿ, ‘ನಾನು ಯಾರು ಹೇಳಿ ನೋಡೋಣ?’ ಇಪ್ಪತ್ತು ಜನ ಬಂದರೆ ಇಪ್ಪತ್ತು ಸಲ ಈ ಪರೀಕ್ಷೆ, ಇಪ್ಪತ್ತು ಸಲ ನಪಾಸು. ಬಂದವರೇ ತಮ್ಮ ಹೆಸರು ಹೇಳಿಕೊಂಡು, ಪಕ್ಕದಲ್ಲಿ ಕುಳಿತು, ಕ್ರಿಕೆಟ್ಟೋ ಅವರೆಕಾಯಿ ರೇಟೋ ಏನಾದರೂ ಮಾತನಾಡಲಿ. ಉತ್ತರ ಬೇಡದ ಮಾತಿಗೆ ಕೆಲವೊಮ್ಮೆ ಉತ್ತರ ಬರುತ್ತದೆ.

ಇದು ಮುಂದೆ ಮರೆವಿನ ಕಾಯಿಲೆಯಾಗುತ್ತದೆಯೇ? ಹಾಲಿವುಡ್ ನಟನೊಬ್ಬನಿಗೆ ಹಾಗಾಯಿತಲ್ಲ?

ನೀವು ಹೇಳುತ್ತಿರುವುದು ಬ್ರೂಸ್ ವಿಲ್ಲಿಸ್ ವಿಚಾರ. 2022ರಲ್ಲಿ ಅವರ ಕುಟುಂಬ ಅಫೇಸಿಯಾ ಎಂದು ತಿಳಿಸಿತು, 2023ರಲ್ಲಿ ಫ್ರಾಂಟೊಟೆಂಪೊರಲ್ ಡಿಮೆನ್ಷಿಯಾ ಎಂದು ತಿಳಿಸಿತು. ಅಲ್ಲಿ ಮಿದುಳು ಸವೆಯುತ್ತ ಹೋಗುವುದರಿಂದ ಮಾತು ದಿನೇದಿನೇ ಕ್ಷೀಣಿಸುತ್ತದೆ. ಸ್ಟ್ರೋಕಿನ ಅಫೇಸಿಯಾ ಒಂದೇ ಏಟಿಗೆ ಬಂದು, ನಂತರ ಸುಧಾರಿಸುವ ಕಡೆಗೇ ಹೋಗುತ್ತದೆ.

ಸುಧಾರಿಸುತ್ತಿದ್ದವರ ಮಾತು ಇದ್ದಕ್ಕಿದ್ದಂತೆ ಮತ್ತೆ ಕೆಟ್ಟರೆ, ಹತ್ತು ನಿಮಿಷದಲ್ಲಿ ಸರಿಹೋದರೂ ಸರಿ, ಕಾಯಬೇಡಿ. 108ಕ್ಕೆ ಕರೆ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಈ ಊರಿನ ಟ್ರಾಫಿಕ್ಕಿನಲ್ಲಿ ಅದರರ್ಥವೇನೆಂದು ನಿಮಗೇ ಗೊತ್ತು.

ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆಯೇ?

ಸಿಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಾಕ್ ಮತ್ತು ಭಾಷಾ ಅಂಗವೈಕಲ್ಯದ ವಿವರಣೆಯಲ್ಲಿ ಅಫೇಸಿಯಾದ ಹೆಸರನ್ನೇ ಹೇಳುತ್ತದೆ. ತೊಂದರೆ ಶಾಶ್ವತವೆಂದು ಕಂಡುಬರಬೇಕು. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಕೈಕಾಲಿನ ದೌರ್ಬಲ್ಯವನ್ನಷ್ಟೇ ಬರೆಸಿಕೊಂಡು ಮಾತಿನದನ್ನು ಬಿಟ್ಟುಬರುವವರು ಬಹಳ, ಎರಡನ್ನೂ ಕೇಳಿ ಬರೆಸಿ.

ಒಬ್ಬರೇ ಹೊರಗೆ ಹೋಗಲು ಬಿಡಬಹುದೇ?

ನಡೆಯಲು, ರಸ್ತೆ ದಾಟಲು ವೈದ್ಯರು ಒಪ್ಪಿದ್ದರೆ ಬಿಡಿ. ಜನರ ಭಯವೇ ಹೆಚ್ಚು. ಓಲಾಡುವ ನಡಿಗೆ, ತಡವರಿಸುವ ಮಾತು ನೋಡಿ ಆಟೋದವರು ಕುಡಿದಿದ್ದಾನೆ ಎಂದುಕೊಳ್ಳುತ್ತಾರೆ. ಕಂಡಕ್ಟರ್ ಸಾಹೇಬರಿಗೆ ಅವರ ಮಗಳು ಒಂದು ಕಾರ್ಡು ಮಾಡಿಕೊಟ್ಟಿದ್ದಾಳೆ: ‘ನನಗೆ ಸ್ಟ್ರೋಕ್ ಆಗಿದೆ. ನಿಮ್ಮ ಮಾತು ಅರ್ಥವಾಗುತ್ತದೆ, ಉತ್ತರ ಹೇಳಲು ಸಮಯ ಬೇಕು. ಕುಡಿದಿಲ್ಲ.’ ಹಿಂಬದಿಯಲ್ಲಿ ಮನೆಯ ಎರಡು ಫೋನ್ ನಂಬರು, ಹತ್ತಬೇಕಾದ ಬಸ್ಸಿನ ನಂಬರು. ನೀವೂ ಮಾಡಿಸಿ, ಯಾವುದೇ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಕೊಡುತ್ತಾರೆ. ಷರ್ಟಿನ ಜೇಬಿನಲ್ಲಿ ಇಡಬೇಡಿ. ಅದು ಎಡಗಡೆಗಿರುತ್ತದೆ, ಅದರೊಳಗೆ ಕೈ ಹಾಕಲು ಬಲಗೈ ಬೇಕು. ಪ್ಯಾಂಟಿನ ಎಡಜೇಬಿನಲ್ಲಿಡಿ.